ಮೆದು ಲೂರ್‌ಗೆ ರಾಳದ ಕಣ್ಣು: ಹಲವು ಹಂಗಾಮುಗಳ ಬಳಕೆಯ ನಂತರ

ಈ ವಿಮರ್ಶೆ ಲೂರ್‌ಗಳಿಗೆ, ಅಂದರೆ ಮೀನನ್ನು ಸೆಳೆಯಲು ಗಾಳಕ್ಕೆ ಕಟ್ಟುವ ಕೃತಕ ಎರೆಗಳಿಗೆ, ಕೂರಿಸಲೆಂದು ಹಾಳೆಯ ಮೇಲೆ ಸಾಲಾಗಿ ಅಂಟಿಸಿ ಮಾರುವ ತ್ರೀಡಿ ಕಣ್ಣುಗಳದ್ದು. ಕೆಳಗೆ ಮಿರುಗುವ ತೆಳು ಪದರ, ಅದರ ಮೇಲೆ ಅಚ್ಚಾದ ಕಪ್ಪು ಪಾಪೆ, ಎಲ್ಲಕ್ಕೂ ಮೇಲೆ ಉಬ್ಬಿದ ಪಾರದರ್ಶಕ ರಾಳ. ಮನೆಯಲ್ಲೇ ಎರಕ ಹೊಯ್ದ ಸಾಫ್ಟ್ ಪ್ಲಾಸ್ಟಿಕ್ ಲೂರ್‌ಗಳಿಗೆ ಇವನ್ನು ಕೂರಿಸಿ ಹಲವು ಹಂಗಾಮುಗಳಿಂದ ಗಾಳ ಎಸೆಯುತ್ತಿದ್ದೇನೆ. ಕಣ್ಣಿನ ಬಗ್ಗೆ ನನ್ನ ದೊಡ್ಡ ತಕರಾರಿಲ್ಲ. ತಕರಾರಿರುವುದು ಅದರ ಬೆನ್ನಿಗೆ ಬಳಿದು ಕಳಿಸುವ ಅಂಟಿನ ಬಗ್ಗೆ. ‘ಕಿತ್ತು ಒತ್ತಿದರೆ ಸಾಕು’ ಎಂದು ಪೊಟ್ಟಣದ ಮೇಲೆ ಬರೆದಿರುವುದು ಬಣ್ಣ ಹಚ್ಚಿದ ಮರದ ಲೂರ್‌ಗೆ ಹೊಂದಬಹುದು. ಮೆದು ಪ್ಲಾಸ್ಟಿಕ್ಕಿನ ವಿಷಯದಲ್ಲಿ ಅದು ಬರೀ ಬುರುಡೆ.

ಇದಕ್ಕೆ ಕಾರಣ ಪ್ಲಾಸ್ಟಿಕ್ಕಿನ ಗುಣದಲ್ಲೇ ಇದೆ. ನಾವು ಕಾಯಿಸಿ ಹೊಯ್ಯುವ ಪ್ಲಾಸ್ಟಿಸಾಲ್ ಎಂದರೆ ಪಿವಿಸಿ ಪುಡಿಯನ್ನು ಎಣ್ಣೆಯಂಥ ಪ್ಲಾಸ್ಟಿಸೈಜರ್‌ನಲ್ಲಿ ಕದಡಿದ ಹಾಲುಬಣ್ಣದ ದ್ರವ. ಸುಮಾರು 160ರಿಂದ 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಪುಡಿ ಆ ಎಣ್ಣೆಯನ್ನು ಹೀರಿಕೊಂಡು ಒಂದಾಗುತ್ತದೆ, ತಣಿದ ಮೇಲೆ ಮೆತ್ತಗೆ ಗಟ್ಟಿಯಾಗುತ್ತದೆ. ಆದರೆ ಆ ಎಣ್ಣೆಗೂ ಪಿವಿಸಿಗೂ ರಾಸಾಯನಿಕ ಬೆಸುಗೆ ಇರುವುದಿಲ್ಲ. ಅದು ದಿನದಿನಕ್ಕೂ ಇಷ್ಟಿಷ್ಟೇ ಹೊರಗೆ ಜಿನುಗುತ್ತಿರುತ್ತದೆ. ಸ್ಟಿಕರ್ ಅಂಟಿಗೆ ಇದು ಸೋಕಿದರೆ ಅಂಟು ಕರಗಿ ಜಿಡ್ಡಾಗುತ್ತದೆ. ಕಣ್ಣು ಅಂಟಿಸಿದ ಸಂಜೆ ಎಲ್ಲವೂ ಸೊಗಸು. ಡಬ್ಬಿಯಲ್ಲಿ ಕೆಲವು ವಾರ ಇದ್ದರೆ ಕಣ್ಣುಗಳೆಲ್ಲ ಜಾರಿ ಗಲ್ಲಕ್ಕೋ ಗಂಟಲಿಗೋ ಬಂದು ಕುಳಿತಿರುತ್ತವೆ. ಆದ್ದರಿಂದ ಹಾಳೆಯಿಂದ ಬಿಡಿಸಿದ ಕೂಡಲೇ ಆ ಅಂಟನ್ನು ಬೆರಳಿನಿಂದ ಉಜ್ಜಿ ತೆಗೆದುಬಿಡುತ್ತೇನೆ. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ. ಅಂಟಿಲ್ಲದ ಕಣ್ಣುಗಳನ್ನೇ ಮಾರಿದರೆ ತಯಾರಕರ ಗಂಟೇನು ಹೋಗುತ್ತದೋ ಕಾಣೆ.

ಅಂಟಾಗಿ ನಾನು ಬಳಸುವುದು ರಬ್ಬರ್ ಬೆರೆಸಿದ ಜೆಲ್ ರೂಪದ ಸಯನೋಅಕ್ರಿಲೇಟ್, ಅಂದರೆ ಸೂಪರ್ ಗ್ಲೂನ ದಪ್ಪ ತಮ್ಮ. ಪಿವಿಸಿಯನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಎರಡು ದ್ರವ ಬೆರೆಸಿ ಹಚ್ಚುವ ಎಪಾಕ್ಸಿ, ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಯುವಿ ರಾಳ ಎರಡೂ ಒಣಗಿದಾಗ ನೋಡಲು ಚೆಂದವೇ, ಆದರೆ ಎಣ್ಣೆ ಜಿನುಗುವ ಮೈಗೆ ಅವು ಕಚ್ಚುವುದಿಲ್ಲ. ತಲೆಯನ್ನು ಒಮ್ಮೆ ಬಗ್ಗಿಸಿದರೆ ಇಡೀ ಪದರವೇ ಎದ್ದು ಬರುತ್ತದೆ. ನೀರಿನಂತೆ ಹರಿಯುವ ಸಾಮಾನ್ಯ ಸೂಪರ್ ಗ್ಲೂ ಹಿಡಿಯುತ್ತದೆ, ಆದರೆ ಗಾಜಿನಂತೆ ಬಿರುಸು. ಇಲ್ಲಿ ಬಿರುಸು ಕೆಲಸಕ್ಕೆ ಬಾರದು. ಮೀನು ಲೂರನ್ನು ಕಚ್ಚಿದಾಗ ಮೈ ಹಿಂಡಿಕೊಳ್ಳುತ್ತದೆ, ಹಿಗ್ಗುತ್ತದೆ. ರಾಳದ ಕಣ್ಣು ಮಾತ್ರ ಇದ್ದಂತೆಯೇ ಇರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಸ್ಥಿತಿ. ಆ ಎಳೆದಾಟವೆಲ್ಲ ಕಣ್ಣಿನ ಅಂಚಿನ ಮೇಲೆ ಬೀಳುತ್ತದೆ, ಅಂಚು ಒಮ್ಮೆ ಎದ್ದಿತೆಂದರೆ ಉಳಿದದ್ದು ತಾನೇ ಸುಲಿದುಕೊಳ್ಳುತ್ತದೆ. ರಬ್ಬರ್ ಬೆರೆತ ಅಂಟು ಆ ಅಂಚಿನಲ್ಲಿ ಒಂದಿಷ್ಟು ಬಾಗುತ್ತದೆ, ಅಷ್ಟೇ ಅದರ ಹೆಚ್ಚುಗಾರಿಕೆ. ಕಣ್ಣು ದೊಡ್ಡದಾದಷ್ಟೂ ಈ ತೊಂದರೆ ಹೆಚ್ಚು.

ಇಷ್ಟಾದರೂ ಅಂಟನ್ನೇ ನಂಬಿ ಕೂರುವಂತಿಲ್ಲ. ಬಹುಕಾಲ ಉಳಿದ ಕಣ್ಣುಗಳೆಲ್ಲ ಗುಳಿಯಲ್ಲಿ ಕುಳಿತವು. ಅಚ್ಚಿನಲ್ಲೇ ಕಣ್ಣಿನ ಗುಳಿ ಇದ್ದರೆ ಅದೃಷ್ಟ. ಇಲ್ಲದಿದ್ದರೆ ಕಣ್ಣಿನಷ್ಟೇ ಅಗಲದ ಹಿತ್ತಾಳೆ ಕೊಳವೆಯ ತುದಿಯನ್ನು ಬಿಸಿ ಮಾಡಿ, ಕಣ್ಣು ಬರಬೇಕಾದ ಜಾಗದಲ್ಲಿ ನೇರವಾಗಿ ಒತ್ತಿ, ತಿರುಗಿಸದೆ ಎತ್ತಬೇಕು. ಸುತ್ತಲೂ ಕರಗಿದ ಪ್ಲಾಸ್ಟಿಕ್ಕಿನ ಸಣ್ಣ ಅಂಚುಕಟ್ಟು ಏಳುತ್ತದೆ. ನಡುವಿನ ಬಿಲ್ಲೆಯನ್ನು ಚೂಪು ಅಲಗಿನಿಂದ ತೆಗೆದರೆ ಗುಳಿ ಸಿದ್ಧ. ಕಣ್ಣು ಕೂತ ಮೇಲೆ ರಾಳದ ಉಬ್ಬು ಮಾತ್ರ ಹೊರಗೆ ಕಾಣಬೇಕು, ಅಂಚು ಉಗುರಿಗೆ ಸಿಗಬಾರದು. ಕೊಳವೆ ವಿಪರೀತ ಕಾದು ಪ್ಲಾಸ್ಟಿಕ್ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊರಡುತ್ತದೆ, ಕಣ್ಣು ಮೂಗು ಎರಡಕ್ಕೂ ಕೆಟ್ಟದ್ದು. ಗಾಳಿಯಾಡುವ ಕಡೆ ಕುಳಿತೇ ಮಾಡಬೇಕು.

ಅಂಟಿಸುವ ಮುನ್ನ ಗುಳಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಬೇಕು, ಅದರಲ್ಲೂ ಲೂರ್‌ಗೆ ವಾಸನೆಯ ಎಣ್ಣೆ ಸವರಿದ್ದರೆ. ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆ ಗಾತ್ರದ ಜೆಲ್ ಸಾಕು. ಕಣ್ಣನ್ನು ಒತ್ತಿದಾಗ ಅಂಟು ಅಂಚಿಗೆ ಬರಬೇಕು, ಅಂಚು ದಾಟಬಾರದು. ದಾಟಿದರೆ ಒಣಗುವಾಗ ಏಳುವ ಆವಿ ರಾಳದ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ, ಕಣ್ಣಿಗೆ ಪೊರೆ ಬಂದಂತೆ ಕಾಣುತ್ತದೆ. ಲೂರನ್ನು ಮುಚ್ಚಿದ ಡಬ್ಬಿಯಲ್ಲಿ ಒಣಗಿಸಿದರೂ ಇದೇ ಗತಿ. ಅಂಟಿನ ಟ್ಯೂಬನ್ನು ಫ್ರಿಜ್‌ನಲ್ಲಿಟ್ಟರೆ ಬಹುಕಾಲ ಬರುತ್ತದೆ. ಆದರೆ ತೆಗೆದ ತಕ್ಷಣ ಮುಚ್ಚಳ ಬಿಚ್ಚಬಾರದು. ತಣ್ಣನೆಯ ಮೂತಿಗೆ ತೇವ ಕೂತರೆ ಅಂಟು ಅಲ್ಲಿಯೇ ಗಟ್ಟಿಯಾಗುತ್ತದೆ, ಏಕೆಂದರೆ ಅದು ಗಟ್ಟಿಯಾಗುವುದೇ ತೇವದಿಂದ.

ಚೂಪು ಹಲ್ಲಿನ ಮೀನುಗಳಿಗೆ ಹೋಗುವ ದಿನ ಇಷ್ಟೂ ಸಾಲದು. ಆಗ ಕಣ್ಣು ಕೂರಿಸಿದ ತಲೆಯನ್ನು ಬಣ್ಣವಿಲ್ಲದ ಬಿಸಿ ಪ್ಲಾಸ್ಟಿಸಾಲ್‌ನಲ್ಲಿ ಅದ್ದಿ ತೆಗೆಯುತ್ತೇನೆ. ಹೊಸ ಪದರ ಮೈಯೊಂದಿಗೆ ಬೆಸೆದುಕೊಂಡು ಕಣ್ಣು ಚರ್ಮದೊಳಗೆ ಸೇರಿಕೊಳ್ಳುತ್ತದೆ. ಇಷ್ಟು ಗಟ್ಟಿಯಾಗಿ ಹಿಡಿಯುವ ಇನ್ನೊಂದು ವಿಧಾನವನ್ನು ನಾನು ಕಂಡಿಲ್ಲ. ಆದರೆ ಸಾಮಾನ್ಯ ಸಯನೋಅಕ್ರಿಲೇಟ್ ಸುಮಾರು 80 ಡಿಗ್ರಿ ದಾಟಿದರೆ ಹಿಡಿತ ಕಳೆದುಕೊಳ್ಳುತ್ತದೆ. ಅದ್ದಿದ ತಲೆಯನ್ನು ತಡಮಾಡಿ ತೆಗೆದರೆ ಕಣ್ಣು ಒಳಗೇ ತೇಲಿ ಮೆಳ್ಳೆಗಣ್ಣಾಗುತ್ತದೆ. ಗುಳಿಯ ತಳದಲ್ಲಿ ಗಾಳಿ ಉಳಿದಿದ್ದರೆ ಬಿಸಿಗೆ ಹಿಗ್ಗಿ ಗುಳ್ಳೆಯೇಳುತ್ತದೆ. ತಲೆ ದಪ್ಪವಾಗುವುದರಿಂದ ಸಣ್ಣ ಲೂರ್‌ಗಳ ಈಜಿನ ಓಲಾಟವೂ ಕೊಂಚ ಮಂದವಾಗುತ್ತದೆ. ಹಾಗಾಗಿ ಎಲ್ಲದಕ್ಕೂ ಇದನ್ನು ಮಾಡುವುದಿಲ್ಲ. ಇನ್ನೊಂದು ಎಚ್ಚರ: ಅದ್ದುವ ಲೂರ್ ಮೇಲೆ ಒಂದು ಹನಿ ನೀರೂ ಇರಬಾರದು, ಬಿಸಿ ಪ್ಲಾಸ್ಟಿಕ್ ಮುಖಕ್ಕೆ ಸಿಡಿಯುತ್ತದೆ.

ಅಚ್ಚಿನೊಳಗೆ ಮೊದಲೇ ಕಣ್ಣಿಟ್ಟು ಮೇಲೆ ಎರಕ ಹೊಯ್ಯುವ ಪದ್ಧತಿ ಹೇಳಲು ಸುಲಭ, ಆದರೆ ಹರಿವಿಗೆ ಕಣ್ಣು ಸರಿಯುತ್ತದೆ. ಕಡ್ಡಿಯಿರುವ ಗೊಂಬೆಗಣ್ಣು ದೊಡ್ಡ ಲೂರ್‌ಗೆ ಸರಿ, ಚಿಕ್ಕ ತಲೆಯಲ್ಲಿ ಕಡ್ಡಿಗೆ ಜಾಗವೆಲ್ಲಿದೆ? ಹಿಗ್ಗುವ ಗುಣದ ಟಿಪಿಇ ಪ್ಲಾಸ್ಟಿಕ್ಕಿನ ಲೂರ್‌ಗಳಿಗೆ ಈ ಬರಹದ ಯಾವುದೂ ಅನ್ವಯಿಸುವುದಿಲ್ಲ. ಅಂಟಿಗೆ ಮೊದಲು ಬಳಿಯುವ ಪ್ರೈಮರ್ ಇಲ್ಲದೆ ಅವಕ್ಕೆ ಈ ಅಂಟು ಹಿಡಿಯುವುದಿಲ್ಲ, ಪಿವಿಸಿ ಲೂರ್‌ಗಳ ಜತೆ ಒಂದೇ ಡಬ್ಬಿಯಲ್ಲಿಟ್ಟರೆ ಎರಡೂ ಕರಗಿ ಮುದ್ದೆಯಾಗುತ್ತವೆ.

ಇಷ್ಟೆಲ್ಲ ಪಾಡು ಬೇಕೇ ಎಂದು ಕೇಳುವವರಿದ್ದಾರೆ. 1949ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಮನೆಯಲ್ಲೇ ವಿನೈಲ್ ಕಾಯಿಸಿ ಎರೆಹುಳು ಮಾಡಿದಾಗ ಈ ಪ್ರಶ್ನೆಯೇ ಇರಲಿಲ್ಲ, ಎರೆಹುಳುವಿಗೆ ಕಣ್ಣೆಲ್ಲಿ? ಮೀನಿನ ಆಕಾರ ಬಂದ ಮೇಲೆ ತಾನೇ ಈ ತಲೆನೋವು. ನನ್ನ ಅನಿಸಿಕೆ ಇಷ್ಟು: ಕದಡಿದ ನೀರಿನಲ್ಲಿ ಕಣ್ಣಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಅಲ್ಲಿ ಬಾಲದ ಬಡಿತವೇ ಮೀನನ್ನು ಕರೆಯುತ್ತದೆ. ತಿಳಿನೀರಿನಲ್ಲಿ, ಲೂರನ್ನು ನಿಧಾನವಾಗಿ ಎಳೆಯುವಾಗ ಮಾತ್ರ ಕಣ್ಣಿರುವುದನ್ನೇ ಕಟ್ಟುತ್ತೇನೆ. ಮೀನಿಗಿಂತ ನನಗೇ ಅದರ ಮೇಲೆ ನಂಬಿಕೆ ಹೆಚ್ಚು ಎಂದು ಗೆಳೆಯರು ಕೆಣಕುತ್ತಾರೆ, ಇರಬಹುದು. ಉದುರಿದ ಪ್ರತಿ ಕಣ್ಣೂ ನೀರಿನಲ್ಲೇ ಉಳಿಯುವ ಕಸ ಎನ್ನುವುದೂ ಗಟ್ಟಿಯಾಗಿ ಕೂರಿಸಲು ಒಂದು ಕಾರಣ.

ಕಣ್ಣಿಗೆ ಐದರಲ್ಲಿ ನಾಲ್ಕು ಅಂಕ, ಜೆಲ್ ಅಂಟಿಗೆ ನಾಲ್ಕೂವರೆ, ಹಾಳೆಯ ಅಂಟಿಗೆ ಸೊನ್ನೆ. ಕೆಲವು ಹಾಳೆಗಳಲ್ಲಿ ರಾಳದ ಉಬ್ಬು ನಡುವಿನಿಂದ ಸರಿದಿರುತ್ತದೆ, ಅಂಥವನ್ನು ಆರಿಸಿ ಎಸೆಯಬೇಕಾಗುವುದರಿಂದ ಒಂದು ಅಂಕ ಕಡಿತ. ಐದು, ಆರು ಮಿಲಿಮೀಟರಿನವನ್ನು ಮತ್ತೆ ತರಿಸುತ್ತೇನೆ, ಎಂಟರದ್ದು ಬೇಡ.