ಕನ್ನಡಕ ಬಿಡಿಸ್ತೀವಿ ಅನ್ನೋರ ಹತ್ರ ಮಕ್ಕಳನ್ನ ಕರ್ಕೊಂಡು ಹೋಗ್ಬೇಡಿ

ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ. ಎರಡು ಸಲ ಬರೆದು ಅಳಿಸಿದ್ದೀನಿ. ಆದ್ರೆ ನನ್ನ ಮಾತು ಕೇಳಿ ಬೇರೆ ಅಮ್ಮಂದಿರೂ ಅಲ್ಲಿಗೆ ಮಕ್ಕಳನ್ನ ಸೇರಿಸಿದ್ದಾರೆ ಅಂತ ಗೊತ್ತಾದ ಮೇಲೆ ಸುಮ್ನಿರೋಕೆ ಆಗ್ತಿಲ್ಲ. ಹೌದು, ನನ್ನ ಮಾತು ಕೇಳಿ. ಅದು ಹೇಗೆ ಅಂತ ಮುಂದೆ ಹೇಳ್ತೀನಿ.

ಮಗಳಿಗೆ ಏಳು ವರ್ಷ ಇದ್ದಾಗ ಶಾಲೆಯಲ್ಲಿ ಕಣ್ಣಿನ ತಪಾಸಣೆ ಮಾಡಿ ಒಂದು ಚೀಟಿ ಕಳಿಸಿದ್ರು. ಎಡಗಣ್ಣು ಸರಿಯಾಗಿ ಕಾಣ್ತಿಲ್ಲ, ಡಾಕ್ಟರಿಗೆ ತೋರಿಸಿ ಅಂತ. ನಾನು ನಂಬಲೇ ಇಲ್ಲ. ನೆಲದ ಮೇಲೆ ಬಿದ್ದ ಸೂಜಿ ಹುಡುಕಿ ಕೊಡೋ ಮಗು ಅದು. ಟಿವಿ ಹತ್ರ ಕೂರೋಳಲ್ಲ, ತಲೆನೋವು ಅಂದವಳಲ್ಲ, ಕಣ್ಣು ನೋಡೋಕೂ ನೆಟ್ಟಗಿದೆ. ಚೆಂಡು ಎಸೆದ್ರೆ ಹಿಡಿಯೋಕೆ ಬರ್ತಿರಲಿಲ್ಲ, ಅಷ್ಟೇ. ಅದನ್ನ ಯಾರು ಕಣ್ಣಿಗೆ ತಳುಕು ಹಾಕ್ತಾರೆ?

ಡಾಕ್ಟರು ಡ್ರಾಪ್ಸ್ ಹಾಕಿ, ಪಾಪೆ ಅಗಲ ಆದ ಮೇಲೆ ನೋಡಿ ಹೇಳಿದ್ರು: ಬಲಗಣ್ಣು ಚೆನ್ನಾಗಿದೆ, ಎಡಗಣ್ಣಿಗೆ ಪ್ಲಸ್ 4.5 ಪವರ್ ಇದೆ. ಬಲಗಣ್ಣಿಂದಲೇ ಎಲ್ಲಾ ಕೆಲಸ ನಡೀತಿರೋದ್ರಿಂದ ಮಗುವಿಗೇ ಗೊತ್ತಾಗಿಲ್ಲ. ಎಡಗಣ್ಣು ಕಳಿಸೋ ಮಬ್ಬು ಚಿತ್ರವನ್ನ ಮೆದುಳು ತೆಗೆದುಕೊಳ್ಳೋದನ್ನೇ ಬಿಟ್ಟಿದೆ. ಇದಕ್ಕೇ ಸೋಮಾರಿ ಕಣ್ಣು ಅನ್ನೋದು. ಆಗ ಎಡಗಣ್ಣು 6/36. ಅಂದ್ರೆ ಸರಿಯಾದ ಕಣ್ಣಿಗೆ 36 ಮೀಟರ್ ದೂರದಿಂದ ಕಾಣೋ ಅಕ್ಷರ ನನ್ನ ಮಗಳ ಎಡಗಣ್ಣಿಗೆ 6 ಮೀಟರ್ ಹತ್ರ ಬಂದ್ರೆ ಮಾತ್ರ ಕಾಣುತ್ತೆ.

ಕನ್ನಡಕ ಒಂದರಿಂದಲೇ ನಾಲ್ಕು ತಿಂಗಳಲ್ಲಿ 6/24 ಆಯ್ತು. ಆಮೇಲೆ ಎಡಗಣ್ಣೇ ಕೆಲಸ ಮಾಡಲಿ ಅಂತ ದಿನಕ್ಕೆ ಎರಡು ಗಂಟೆ ಚೆನ್ನಾಗಿರೋ ಬಲಗಣ್ಣಿಗೆ ಪ್ಯಾಚ್ ಹಾಕಿ ಮುಚ್ಚಿ 6/18ಕ್ಕೆ ಬಂತು. ನೆನಪಿಟ್ಕೊಳ್ಳಿ, 6/18. ಸರಿ ಹೋಗ್ತಿತ್ತು. ಸರಿ ಹೋಗ್ತಾನೇ ಇತ್ತು.

ಆದ್ರೆ ಪ್ಯಾಚ್ ಅಂದ್ರೆ ಮನೆಯಲ್ಲಿ ದಿನಾ ಯುದ್ಧ. ಶಾಲೆಯಲ್ಲಿ ಮಕ್ಕಳು ಅಣಕಿಸ್ತಿದ್ರು. ಅಂಥ ಒಂದು ದಿನ ನೆಂಟರೊಬ್ಬರು ಫೋನಿಗೆ ಜಾಹೀರಾತು ಕಳಿಸಿದ್ರು. ಮೂರು ತಿಂಗಳಲ್ಲಿ ಕನ್ನಡಕ ಬಿಡಿಸ್ತೀವಿ, ಔಷಧಿ ಇಲ್ಲ, ಆಪರೇಷನ್ ಇಲ್ಲ, ಬರೀ ವ್ಯಾಯಾಮ. ಹೋದೆ. ಅವಳಪ್ಪ "ಡಾಕ್ಟರನ್ನ ಒಂದು ಮಾತು ಕೇಳು" ಅಂದ್ರು. ಕೇಳಲಿಲ್ಲ.

ಮೊದಲ ದಿನ ಅಲ್ಲಿಯವರು ಬಲಗಣ್ಣು ಮುಚ್ಚಿಸಿ, ಸಣ್ಣ ಸಣ್ಣ ತೂತುಗಳಿರೋ ಕರೀ ಕನ್ನಡಕ ಹಾಕಿ ಚಾರ್ಟ್ ಓದಿಸಿದ್ರು. ಮಗಳು ಎರಡು ಸಾಲು ಹೆಚ್ಚು ಓದಿದಳು! ಗಾಜೇ ಇಲ್ಲ, ಬರೀ ತೂತು. ನನಗೆ ಕಣ್ಣಲ್ಲಿ ನೀರು ಬಂತು. "ನೋಡಿದ್ರಾ ಮೇಡಂ, ಕಣ್ಣಿಗೆ ಶಕ್ತಿ ಇದೆ, ಕನ್ನಡಕ ಅದನ್ನ ಮಲಗಿಸಿಬಿಟ್ಟಿದೆ" ಅಂದ್ರು. ಸಣ್ಣ ತೂತಿನಿಂದ ಕಿರಿದಾದ ಬೆಳಕು ಮಾತ್ರ ಒಳಗೆ ಹೋದಾಗ ಯಾರಿಗೇ ಆದ್ರೂ ಪವರಿಂದ ಬರೋ ಮಬ್ಬು ಕಡಿಮೆ ಆಗುತ್ತೆ, ತೆಗೆದ ತಕ್ಷಣ ಮೊದಲಿನ ಹಾಗೇ ಅಂತ ನನಗೆ ಈಗ ಗೊತ್ತು. ಕಣ್ಣಿನ ಡಾಕ್ಟರುಗಳೂ ಇದೇ ಪರೀಕ್ಷೆ ಮಾಡ್ತಾರಂತೆ. ತೂತಿನಲ್ಲಿ ಚೆನ್ನಾಗಿ ಕಂಡ್ರೆ ಈ ಕಣ್ಣಿಗೆ ಕನ್ನಡಕ ಬೇಕು ಅಂತ ಅರ್ಥ! ಕನ್ನಡಕ ಬೇಕು ಅನ್ನೋ ಸಾಕ್ಷಿಯನ್ನೇ ನನಗೆ ತೋರಿಸಿ ಕನ್ನಡಕ ಬೇಡ ಅಂದ್ರು.

ಕನ್ನಡಕ ನಿಂತಿತು. ಪ್ಯಾಚ್ ನಿಂತಿತು. ಅಂಗೈ ಉಜ್ಜಿ ಕಣ್ಣ ಮೇಲಿಡೋದು, ಕಣ್ಣುಗುಡ್ಡೆ ಸುತ್ತ ತಿರುಗಿಸೋದು, ಮೇಣದಬತ್ತಿ ನೋಡೋದು ಶುರುವಾಯ್ತು. ಬೆಳಗಿನ ಸೂರ್ಯನನ್ನೂ ನೋಡಿಸಿ ಅಂದ್ರು. ಅದೊಂದನ್ನ ಮಾತ್ರ ಮಾಡಿಸಲಿಲ್ಲ, ದೇವರು ದೊಡ್ಡೋನು. ಕಣ್ಣೊಳಗಿನ ಪರದೆ, ಆ ರೆಟಿನಾಗೆ ನೋವು ಗೊತ್ತಾಗಲ್ಲ, ಸುಟ್ಟರೂ ಮಗು ಅಳಲ್ಲ.

ತಿಂಗಳಿಗೊಂದು ಸಲ ಪವರ್ ಅಳೆಯೋ ಮಷೀನಿನ ಚೀಟಿ ಕೊಡ್ತಿದ್ರು. ಪ್ಲಸ್ 4.5 ಇದ್ದದ್ದು ಪ್ಲಸ್ 2.5 ಅಂತ ಅಚ್ಚಾಗಿ ಬಂತು. ಅಚ್ಚಾಗಿ ಬಂದದ್ದನ್ನ ಯಾರು ಅನುಮಾನಿಸ್ತಾರೆ? ಡ್ರಾಪ್ಸ್ ಹಾಕದೆ ನೋಡಿದ್ರೆ ಮಕ್ಕಳ ಕಣ್ಣೊಳಗಿನ ಮಸೂರ ಬಿಗಿ ಹಿಡಿದು ಪ್ಲಸ್ ಪವರನ್ನ ಮುಚ್ಚಿಡುತ್ತೆ, ನಂಬರ್ ಕಡಿಮೆ ತೋರಿಸುತ್ತೆ. ಮೊದಲ ದಿನ ನೋಡಿದ್ರೂ ಹಾಗೇ ಬರ್ತಿತ್ತೇನೋ. ಆದ್ರೆ ಮೊದಲ ದಿನ ಅವರು ಮಷೀನಲ್ಲಿ ನೋಡಲೇ ಇಲ್ಲ, ಡಾಕ್ಟರ ಚೀಟಿಯ ನಂಬರನ್ನೇ ಬರ್ಕೊಂಡ್ರು. ಇದು ನನಗೆ ಹೊಳೆದದ್ದು ಏಳು ತಿಂಗಳ ಮೇಲೆ.

ಮೂರನೇ ತಿಂಗಳು ಮಗಳು ಎಡಗಣ್ಣೊಂದರಲ್ಲೇ ಚಾರ್ಟಿನ ಕೊನೇ ಸಾಲುಗಳವರೆಗೂ ಓದಿದಳು. ಎಲ್ಲರೂ ಚಪ್ಪಾಳೆ. ಆಗಲೇ ವಿಡಿಯೋ ಮಾಡಿದ್ರು. "ಕನ್ನಡಕ ಇಲ್ಲ, ಪ್ಯಾಚ್ ಇಲ್ಲ, ನನ್ನ ಮಗಳು ಎಲ್ಲಾ ಓದ್ತಾಳೆ, ನೀವೂ ಬನ್ನಿ" ಅಂತ ನಾನೇ ಬಾಯ್ತುಂಬ ಹೇಳಿದ್ದೀನಿ. ಯಾರೂ ಬಲವಂತ ಮಾಡಲಿಲ್ಲ.

ಒಂದು ರಾತ್ರಿ ದೀಪ ಆರಿಸಿ ಮಲಗಿದ್ವಿ. ಕತ್ತಲಲ್ಲಿ ಮಗಳು ಪದ್ಯದ ಹಾಗೆ ಗುನುಗ್ತಿದ್ದಳು. "ಇ... ಎಫ್ ಪಿ... ಟಿ ಓ ಜೆಡ್... ಎಲ್ ಪಿ ಇ ಡಿ... ಪಿ ಇ ಸಿ ಎಫ್ ಡಿ..."

"ಏನು ಪುಟ್ಟಿ ಅದು?"

"ಕಣ್ಣಿನ ಚಾರ್ಟ್ ಅಮ್ಮ. ನನಗೆ ಪೂರ್ತಿ ಬರುತ್ತೆ. ಸರಿ ಹೇಳಿದ್ರೆ ಆಂಟಿ ಸ್ಟಾರ್ ಕೊಡ್ತಾರೆ."

ನನ್ನ ಕೈಕಾಲು ತಣ್ಣಗಾಯ್ತು. ಏಳು ತಿಂಗಳು ಅದೇ ಗೋಡೆ, ಅದೇ ಚಾರ್ಟ್, ಒಂದು ಸಲವೂ ಬದಲಾಯಿಸಿರಲಿಲ್ಲ. ಬೆಳಿಗ್ಗೆ ಬಲಗಣ್ಣಿಗೆ ಬಟ್ಟೆ ಮಡಚಿ ಕಟ್ಟಿ, ಅವಳದೇ ಪುಸ್ತಕದ ಹೆಸರನ್ನ ದೂರದಿಂದ ತೋರಿಸಿದೆ. ಸುಮ್ಮನೆ ನಿಂತಳು. "ಅಮ್ಮ, ಕಾಣಲ್ಲ. ಬೈತೀಯಾ?" ಅಂದಳು. ಆ "ಬೈತೀಯಾ" ಇವತ್ತಿಗೂ ಕಿವಿಯಲ್ಲಿದೆ.

ಅವತ್ತೇ ಆ ವ್ಯಾಯಾಮದವರಿಗೆ ಫೋನ್ ಮಾಡಿದೆ. ಮೊದಲು ಹೇಳಿದ್ದು, "ಮನೆಯಲ್ಲಿ ಅಭ್ಯಾಸ ಸರಿಯಾಗಿ ಮಾಡಿಸಿಲ್ಲ ಮೇಡಂ." ದಿನಾ ಎರಡು ಹೊತ್ತು ಮಾಡಿಸಿದ ಪಟ್ಟಿ ಕಳಿಸಿದೆ. ಆಗ, "ನಿಮ್ಮ ಮಗು ಕೇಸ್ ಸ್ವಲ್ಪ ಬೇರೆ, ಎರಡನೇ ಹಂತ ಬೇಕಾಗುತ್ತೆ." ಅದಕ್ಕೆ ಮತ್ತೆ ಫೀಸು. ಚಾರ್ಟ್ ಬಾಯಿಪಾಠ ಆಗಿದೆಯಲ್ಲ ಅಂದ್ರೆ, "ಅದು ಜ್ಞಾಪಕ ಶಕ್ತಿಯೂ ಹೆಚ್ಚಿದೆ ಅನ್ನೋದಕ್ಕೆ ಗುರುತು" ಅಂದ್ರು. ಈ ಮಾತನ್ನ ನಾನು ಕಟ್ಟಿ ಹೇಳ್ತಿಲ್ಲ, ಇದೇ ಮಾತು. ಡಾಕ್ಟರು ಕೊಟ್ಟ ಕನ್ನಡಕ, ಪ್ಯಾಚ್ ನಿಲ್ಲಿಸಿ ಅಂದೋರು ನೀವೇ ಅಲ್ವಾ ಅಂದಾಗ ಮಾತ್ರ ದನಿ ಬದಲಾಯ್ತು. "ಬರವಣಿಗೆಯಲ್ಲಿ ಎಲ್ಲಾದ್ರೂ ಕೊಟ್ಟಿದ್ದೀವಾ? ನಾವು ವ್ಯಾಯಾಮ ಹೇಳಿಕೊಡೋರು, ಚಿಕಿತ್ಸೆ ಮಾಡೋರಲ್ಲ." ಬರವಣಿಗೆಯಲ್ಲಿ ಇಲ್ಲ. ನಿಜ. ಎಲ್ಲಾ ಬಾಯಿಮಾತು.

ಡಾಕ್ಟರು ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಮತ್ತೆ ಡ್ರಾಪ್ಸ್ ಹಾಕಿ ನೋಡಿದ್ರು: ಪವರ್ 4.5 ಹಾಗೇ ಇದೆ, ದೃಷ್ಟಿ ಮತ್ತೆ 6/36. ಪ್ಲಸ್ ಇರೋ ಕಣ್ಣುಗುಡ್ಡೆ ಸಾಮಾನ್ಯವಾಗಿ ಉದ್ದದಲ್ಲಿ ಚಿಕ್ಕದು, ತಿರುಗಿಸಿದ್ರೆ ಅದು ಉದ್ದ ಆಗಲ್ಲ ಅಂದ್ರು. ಹೊರಗಿನ ಸ್ನಾಯುಗಳ ಬಿಗಿತದಿಂದಲೇ ದೃಷ್ಟಿ ದೋಷ ಬರುತ್ತೆ ಅಂತ ಅಮೆರಿಕದ ವಿಲಿಯಂ ಬೇಟ್ಸ್ ಅನ್ನೋ ಕಣ್ಣಿನ ಡಾಕ್ಟರೊಬ್ಬರು 1920ರಲ್ಲಿ ಹೇಳಿದ್ದಂತೆ. ತಪ್ಪು ಅಂತ ಗೊತ್ತಾಗಿ ಎಷ್ಟೋ ಕಾಲ ಆಗಿದೆ. ನಾನು ದುಡ್ಡು ಕೊಟ್ಟು ಕಲಿತು ಬಂದದ್ದು ಅದನ್ನೇ. ಸೋಮಾರಿ ಕಣ್ಣಿನ ಚಿಕಿತ್ಸೆ ಏಳೆಂಟು ವರ್ಷದೊಳಗೆ ಚೆನ್ನಾಗಿ ಹಿಡಿಯುತ್ತೆ, ಆಮೇಲೂ ಆಗುತ್ತೆ, ಆದ್ರೆ ನಿಧಾನ. ನನ್ನ ಮಗಳಿಗೆ ಆಗ ಎಂಟೂವರೆ ದಾಟಿತ್ತು. ಆ ಏಳು ತಿಂಗಳು ಯಾವಾಗ ಬೇಕಾದ್ರೂ ಸಿಗೋ ಏಳು ತಿಂಗಳಲ್ಲ.

ನೀವು ಮಾಡಬೇಕಾದ್ದು ಇಷ್ಟೇ. ಮಗು ಹೇಳಲಿ ಅಂತ ಕಾಯ್ಬೇಡಿ, ಒಂದು ಕಣ್ಣು ಚೆನ್ನಾಗಿದ್ರೆ ಅದು ಯಾವತ್ತೂ ಹೇಳಲ್ಲ. ಶಾಲೆಗೆ ಸೇರಿಸೋ ಮುಂಚೆಯೇ ಒಂದೊಂದೇ ಕಣ್ಣು ಮುಚ್ಚಿಸಿ, ಡ್ರಾಪ್ಸ್ ಹಾಕಿಸಿ, ಕಣ್ಣಿನ ಡಾಕ್ಟರ ಹತ್ರ ನೋಡಿಸಿ. ಮಗುವಿನ ಕೈಯಿಂದಲೇ ಕಣ್ಣು ಮುಚ್ಚಿಸಿದ್ರೆ ಬೆರಳ ಸಂದಿಯಿಂದ ನೋಡ್ತಾರೆ. ಕನ್ನಡಕ ಬಿಡಿ, ಪ್ಯಾಚ್ ಬಿಡಿ ಅಂತ ಯಾರಾದ್ರೂ ಹೇಳಿದ್ರೆ ಸಹಿ ಹಾಕಿ ಬರೆದುಕೊಡಿ ಅನ್ನಿ. ಬರೆದುಕೊಡೋರ ಮುಖ ನಾನೂ ನೋಡ್ಬೇಕು.

ಈಗ ದಿನಕ್ಕೆ ಆರು ಗಂಟೆ ಪ್ಯಾಚ್. ಮೊದಲು ಎರಡು ಗಂಟೆ ಇತ್ತು. ನಾಲ್ಕು ತಿಂಗಳಾಗಿ 6/24ಕ್ಕೆ ಬಂದಿದೆ, ಹಿಂದೆ ಪ್ಯಾಚ್ ಶುರು ಮಾಡಿದ ಜಾಗಕ್ಕೆ.

ವಿಡಿಯೋ ತೆಗೆಯಿರಿ ಅಂತ ಒಂಬತ್ತು ಮೆಸೇಜ್ ಹಾಕಿದ್ದೀನಿ. "ನೀವೇ ಒಪ್ಪಿ ಮಾತಾಡಿದ್ದು" ಅಂತ ಒಂದೇ ಉತ್ತರ, ಆಮೇಲೆ ಬ್ಲಾಕ್. ಇನ್ನೂ ಓಡ್ತಿದೆ ಅದು. ಮಗಳನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡು, ನಗ್ತಾ, ನೀವೂ ಬನ್ನಿ ಅಂತ ಕರೆಯೋ ಹೆಂಗಸಿನ ವಿಡಿಯೋ ನಿಮ್ಮ ಫೋನಿಗೆ ಬಂದ್ರೆ ಅದು ನಾನೇ. ದಯವಿಟ್ಟು ನಂಬಬೇಡಿ. ಆ ಮಗು ಅಲ್ಲಿ ಓದ್ತಿಲ್ಲ, ಬಾಯಿಪಾಠ ಒಪ್ಪಿಸ್ತಿದೆ.