ಒಟಿಜಿ: ಪೆಟ್ಟಿಗೆ ಚೆನ್ನಾಗಿದೆ, ಗುಂಡಿ ಮೇಲಿನ ಇಂಗ್ಲಿಷ್ ಕೈಕೊಡುತ್ತೆ

ನಾಲ್ಕೈದು ಜನರ ಮನೆಗೆ 28 ಲೀಟರಿನ ಒಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ಕರೆಂಟ್ ಓವನ್) ಧಾರಾಳ. ಎಂಟಿಂಚಿನ ಕೇಕ್ ಟಿನ್ ಆರಾಮವಾಗಿ ಕೂರುತ್ತೆ, ಬಿಸಿ 250 ಡಿಗ್ರಿವರೆಗೆ ಏರುತ್ತೆ. ಅಡುಗೆ ಕೆಡುವುದು ಬಹುತೇಕ ಗುಂಡಿಯ ಮೇಲಿನ ಪದ ತಪ್ಪಾಗಿ ಓದಿದಾಗ.

ಬ್ರಾಯಿಲ್ ಅಂದರೆ ಮೇಲಿನ ಕಂಬಿ ಮಾತ್ರ ಕೆಂಪಗಾಗುವುದು. ಅಮೆರಿಕದವರ ಈ ಬ್ರಾಯಿಲ್ ಬ್ರಿಟನ್ನಿನವರಿಗೆ ಗ್ರಿಲ್. ಅಮೆರಿಕದಲ್ಲಿ ಗ್ರಿಲ್ ಅಂದರೆ ಕೆಳಗಿನಿಂದ ಬೆಂಕಿ, ನಾವು ಕೆಂಡದ ಮೇಲೆ ಬದನೆಕಾಯಿ ಸುಡುವ ಹಾಗೆ. ಕೇಕ್ ಹಿಟ್ಟನ್ನು ಬ್ರಾಯಿಲ್‌ಗೆ ಇಟ್ಟರೆ ಮೇಲೆ ಕರಕಲು, ಒಳಗೆ ಹಸಿ ಹಿಟ್ಟು. ಅದಕ್ಕೆ ಬೇಕ್ ಬೇಕು: ಹತ್ತು ನಿಮಿಷ ಮೊದಲೇ ಕಾಯಿಸಿ, ನಡುವಿನ ಹಂತದಲ್ಲಿ, 175 ಡಿಗ್ರಿ, 35ರಿಂದ 40 ನಿಮಿಷ.

ನಮ್ಮವರು ಹೆಚ್ಚು ಎಡವುವುದು ರೋಸ್ಟ್‌ನಲ್ಲಿ. ನಮ್ಮ ಕಡೆಯ ಇಂಗ್ಲಿಷ್ ರೆಸಿಪಿಯಲ್ಲಿ ಡ್ರೈ ರೋಸ್ಟ್ ಅಂತಿದ್ದರೆ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಕೈಯಾಡಿಸುತ್ತಾ ರವೆ ಹುರಿಯುವುದು. ಬ್ರಿಟಿಷ್ ರೆಸಿಪಿಯ ರೋಸ್ಟ್‌ಗೆ ಓವನ್ ಬೇಕು, ಎಣ್ಣೆಯೂ ಬೇಕು. ಗುಂಡಿಯಲ್ಲಿ ರೋಸ್ಟ್ ಹುಡುಕಿ ಸುಸ್ತಾಗಬೇಡಿ. ಬೇಕ್‌ಗೆ ತಿರುಗಿಸುವ ಜಾಗವೇ ಅದಕ್ಕೂ. ಹೆಸರು ಬದಲಾಗುವುದು ಒಳಗಿಟ್ಟ ಪದಾರ್ಥದಿಂದ: ಬ್ರೆಡ್ಡು, ಕೇಕು ಬೇಕ್, ಮಾಂಸ, ತರಕಾರಿ ರೋಸ್ಟ್. ತಮಾಷೆ ಅಂದರೆ ಆಲೂಗಡ್ಡೆಗೆ ಎರಡೂ ಸಲ್ಲುತ್ತೆ. ಸಿಪ್ಪೆ ಸಮೇತ ಇಡಿಯಾಗಿ ಬೆಂದರೆ ಬೇಕ್ಡ್. ಸಿಪ್ಪೆ ತೆಗೆದು, ಹೆಚ್ಚಿ, ಎಣ್ಣೆ ಸವರಿದರೆ ರೋಸ್ಟ್. ಎರಡನೆಯದಕ್ಕೆ ಹೋಳುಗಳನ್ನು ಉಪ್ಪುನೀರಲ್ಲಿ 8 ನಿಮಿಷ ಕುದಿಸಿ, ನೀರು ಪೂರ್ತಿ ಬಸಿದು, ಅರ್ಧ ಕೆಜಿಗೆ ಎರಡು ಚಮಚ ಎಣ್ಣೆ ಕಲಸಿ 200 ಡಿಗ್ರಿಯಲ್ಲಿ 40 ನಿಮಿಷ, ನಡುವೆ ಒಮ್ಮೆ ಮಗುಚಿ. ಟ್ರೇ ತುಂಬ ಒತ್ತೊತ್ತಾಗಿ ಸುರಿದರೆ ಹಬೆ ಹೋಗಲು ಜಾಗವಿಲ್ಲದೆ ಗರಿಗರಿ ಆಗದು, ಮೆತ್ತಗೆ ಬೇಯುತ್ತೆ ಅಷ್ಟೆ.

ಟೋಸ್ಟ್ ಬಗ್ಗೆ ಹೇಳುವುದು ಕಡಿಮೆ. ಎರಡು ಹೋಳು ಬ್ರೆಡ್ಡಿಗೆ ಇಷ್ಟು ದೊಡ್ಡ ಪೆಟ್ಟಿಗೆ ಕಾಯಿಸುವುದು ಕರೆಂಟಿಗೆ ದಂಡ, ಕಾವಲಿ ಸಾಕು.

ಅಂಗಡಿಯಲ್ಲಿ ಪದ ಬಿಟ್ಟು ಚಿತ್ರ ನೋಡಿ. ಚೌಕದ ಒಳಗೆ ಗೆರೆ ಮೇಲಿದ್ದರೆ ಮೇಲಿನ ಕಂಬಿ, ಕೆಳಗಿದ್ದರೆ ಕೆಳಗಿನದು. ಎರಡೂ ಒಟ್ಟಿಗೆ ಕಾಯುವ ಆಯ್ಕೆ ಇಲ್ಲದ ಮಾಡೆಲ್ ಬೇಡ, ಬ್ರೆಡ್ಡಿನ ತಲೆ ಬಿಳಿಚಿಕೊಂಡೇ ಉಳಿಯುತ್ತೆ. ಫ್ಯಾನ್ ಚಿತ್ರ ಇದ್ದರೆ ಅದು ಕನ್ವೆಕ್ಷನ್, ಅಂದರೆ ಬಿಸಿಗಾಳಿಯನ್ನು ಒಳಗೆಲ್ಲ ಸುತ್ತಿಸುವುದು; ಅದನ್ನು ಹಾಕಿದಾಗ ರೆಸಿಪಿ ಹೇಳಿದ್ದಕ್ಕಿಂತ 20 ಡಿಗ್ರಿ ಇಳಿಸಿ.