ಹಳೇ ಪವರ್ ಪ್ರೆಸ್: ಪಿನ್ ಕ್ಲಚ್ಚೋ, ನ್ಯೂಮ್ಯಾಟಿಕ್ ಕ್ಲಚ್ಚೋ?

ಪೀಣ್ಯದಂಥ ಕಡೆ ಸಣ್ಣ ಶೆಡ್ಡಿಗೆ ತಗಡು ಒತ್ತಿ ಕತ್ತರಿಸುವ ಸೆಕೆಂಡ್ ಹ್ಯಾಂಡ್ ಪವರ್ ಪ್ರೆಸ್ ನೋಡುತ್ತಿದ್ದರೆ ಟನ್ನೇಜಿಗಿಂತ (ಒತ್ತುವ ಬಲಕ್ಕಿಂತ) ಮೊದಲು ಕ್ಲಚ್, ಅಂದರೆ ತಿರುಗುವ ಚಕ್ರದ ಬಲವನ್ನು ಪ್ರೆಸ್ಸಿಗೆ ಜೋಡಿಸುವ ಭಾಗ, ಯಾವುದೆಂದು ವಿಚಾರಿಸಿ. ಪಿನ್ ಕ್ಲಚ್ಚಿನದು ಅಗ್ಗ, ರಿಪೇರಿಯೂ ಸುಲಭ. ಆದರೆ ಪೆಡಲ್ ಒತ್ತಿದ ಮೇಲೆ ರ‍್ಯಾಮ್ (ಮೇಲೆ ಕೆಳಗೆ ಚಲಿಸಿ ಬಡಿಯುವ ಭಾಗ) ಪೂರ್ತಿ ಸುತ್ತು ಮುಗಿಸಿಯೇ ನಿಲ್ಲುವುದು, ನಡುವೆ ತಡೆಯಲಾಗದು. ಅದಕ್ಕೆ ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುವ ಬೆಳಕಿನ ಪರದೆ) ಹಾಕಿಸುವುದು ದುಡ್ಡು ದಂಡ. ಪಿನ್ ಸವೆದರೆ, ಸ್ಪ್ರಿಂಗ್ ಮುರಿದರೆ ಒಂದೇ ಒತ್ತಿಗೆ ಎರಡು ಸಲ ಬಡಿದೀತು, ಅದೂ ಆಪರೇಟರ್ ಪೀಸ್ ತೆಗೆಯಲು ಕೈ ಹಾಕಿರುವಾಗ. ಡೈ (ಪೀಸಿಗೆ ಆಕಾರ ಕೊಡುವ ಅಚ್ಚು) ಸುತ್ತ ಬೆರಳು ತೂರದಂಥ ಗಾರ್ಡನ್ನು ಬೋಲ್ಟ್ ಹಾಕಿ ಕೂರಿಸಲೇಬೇಕು.

ನ್ಯೂಮ್ಯಾಟಿಕ್, ಅಂದರೆ ಗಾಳಿಯ ಒತ್ತಡದಿಂದ ನಡೆಯುವ ಕ್ಲಚ್, ದುಬಾರಿ. ಕಂಪ್ರೆಸರ್ ಬೇಕು, ಫಿಲ್ಟರಿನ ನೀರು ಬಿಡುತ್ತಿರಬೇಕು, ಬ್ರೇಕ್ ಲೈನಿಂಗ್ ನೋಡುತ್ತಿರಬೇಕು. ಆದರೆ ರ‍್ಯಾಮ್ ಬೇಕೆಂದಾಗ ಅರ್ಧದಲ್ಲೇ ನಿಲ್ಲುವುದರಿಂದ ಎರಡೂ ಕೈಯಿಂದ ಒತ್ತಬೇಕಾದ ಬಟನ್, ಲೈಟ್ ಕರ್ಟನ್ ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಕೈಯಿಂದ ಪೀಸ್ ಇಡುವ ಕೆಲಸಕ್ಕೆ ಇದನ್ನೇ ತೊಗೊಳ್ಳಿ. ಉದ್ದ ಪಟ್ಟಿಯನ್ನು ಹೊರಗಿನಿಂದಲೇ ತಳ್ಳುವ ಸ್ಟ್ರಿಪ್ ಫೀಡಿಗಾದರೆ ಗಾರ್ಡ್ ಸಮೇತ ಪಿನ್ ಕ್ಲಚ್ ಸಾಕು.